ಗುಡುಗಿನ ಮಕ್ಕಳು: ಮರಳುಗಾಡಿನ ಅಣಬೆಯ ಹಬ್ಬ

(ನಮ್ಮ ಕೂಟದ ಅತಿಥಿ ಉಪನ್ಯಾಸಮಾಲೆಯಲ್ಲಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯನನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಇವುಗಳಲ್ಲೊಂದನ್ನು ಎತ್ತಿಕೊಂಡು ಸಭಿಕರ ಹಸಿವನ್ನು ಕೆಡಿಸುತ್ತಾನೆಂಬುದು ಸರ್ವವಿದಿತ. ಇಂದು ನಾನು ಆ ಅಪವಾದದಿಂದ ಪಾರಾಗಬೇಕೆಂದು ನಿಶ್ಚಯಿಸಿ ಊಟದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಾವು ಬದುಕುತ್ತಿರುವ ಈ ಸೌದಿ ಅರೇಬಿಯಾದ ಮರಳಿನೊಳಗೆ ಹುಟ್ಟುವ ಒಂದು ಅಣಬೆ, ಅದರ ಸುತ್ತ ನೆರೆಯುವ ಹಬ್ಬ, ಮತ್ತು ಆ ಹಬ್ಬದಿಂದ ನಮ್ಮಂಥ ವಲಸಿಗರು ಕಲಿಯಬೇಕಾದ ಒಂದೆರಡು ಪಾಠಗಳು ನನ್ನ ಇಂದಿನ ವಿಷಯ. ಕೊನೆಯಲ್ಲಿ ಸ್ವಲ್ಪ ವೈದ್ಯಕೀಯವೂ ನುಸುಳುತ್ತದೆ. ಅದನ್ನು ವೃತ್ತಿದೋಷವೆಂದು ಮನ್ನಿಸಬೇಕು.

ಮರುಭೂಮಿಯಲ್ಲಿ ಅಣಬೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಅಣಬೆಯೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಮಲೆನಾಡಿನ ಜಡಿಮಳೆ, ಕೊಳೆತ ತರಗೆಲೆ, ಹುತ್ತದ ಮಗ್ಗುಲಲ್ಲಿ ಬೆಳ್ಳಗೆ ಅರಳಿದ ಕೊಡೆಗಳು. ಆದರೆ ವರ್ಷಕ್ಕೆ ನೂರು ಮಿಲಿಮೀಟರಿನಷ್ಟು ಮಳೆಯೂ ಸರಿಯಾಗಿ ಬೀಳದ ಈ ನಾಡಿನಲ್ಲಿಯೂ ಅಣಬೆಯುಂಟು. ಅದಕ್ಕೆ ಕೊಡೆಯಿಲ್ಲ, ಕಾಂಡವಿಲ್ಲ. ಸಣ್ಣ ಆಲೂಗಡ್ಡೆಯಂತೆ ಗುಂಡಾಗಿ, ನೆಲದೊಳಗೇ ಅವಿತುಕೊಂಡು ಬೆಳೆಯುತ್ತದೆ. ಇಲ್ಲಿಯ ಜನ ಅದನ್ನು ‘ಫಗಾ’ ಎನ್ನುತ್ತಾರೆ; ಗ್ರಂಥಸ್ಥ ಅರಬ್ಬಿಯಲ್ಲಿ ಅದು ‘ಕಮಾ’. ಇದಕ್ಕೆ ಇನ್ನೊಂದು ಹಳೆಯ ಹೆಸರಿದೆ, ‘ಬನಾತ್ ಅರ್-ರಅದ್’, ಅಂದರೆ ಗುಡುಗಿನ ಹೆಣ್ಣುಮಕ್ಕಳು. ಗುಡುಗು ಮೊಳಗಿದರೆ ಅಣಬೆ ಏಳುತ್ತದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಕೇಳಿ ಬೆಳೆದ ನನಗೆ, ಅರಬ್ಬಿ ಸಮುದ್ರದ ಈಚೆಯ ದಡದಲ್ಲಿಯೂ ಅದೇ ಮಾತು ಕಿವಿಗೆ ಬಿದ್ದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಈಗ ಹಬ್ಬದ ಮಾತಿಗೆ ಬರೋಣ. ದಮ್ಮಾಮಿನಿಂದ ವಾಯವ್ಯ ದಿಕ್ಕಿಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ಸಾಗಿದರೆ ನೈರಿಯಾ ಎಂಬ ಸಣ್ಣ ಪಟ್ಟಣ ಸಿಗುತ್ತದೆ. ಬೇಸಗೆಯಲ್ಲಿ ಅಲ್ಲಿ ನಿಂತು ನೋಡಿದರೆ ಕಣ್ಣು ಹಾಯುವವರೆಗೂ ಬೂದುಬಣ್ಣದ ಬಯಲು. ಮಳೆ ಚೆನ್ನಾಗಿ ಬಿದ್ದ ವರ್ಷದ ಮಾಘಮಾಸದಲ್ಲಿ ಹೋಗಿ ನೋಡಿ: ಅದೇ ಬಯಲು ಎಳೆಹಸಿರಿನ ತೆಳುವಾದ ಸೀರೆಯುಟ್ಟು ನಿಂತಿರುತ್ತದೆ. ಕೊಲ್ಲಿಯ ಜನ ಇದನ್ನು ‘ರಬೀ’ ಎನ್ನುತ್ತಾರೆ. ನಿಘಂಟಿನಲ್ಲಿ ರಬೀ ಎಂದರೆ ವಸಂತ. ಆದರೆ ಇಲ್ಲಿಯವರಿಗೆ ಅದು ಪಂಚಾಂಗದ ತಿಂಗಳಲ್ಲ, ನೆಲದ ಮೇಲಿನ ಹಸಿರು. ಹಸಿರು ಬಂದರೆ ವಸಂತ ಬಂತು. ಬಾರದಿದ್ದರೆ ಆ ವರ್ಷ ವಸಂತವೇ ಇಲ್ಲ. ನೈರಿಯಾದಲ್ಲಿ ಚಳಿಗಾಲದಲ್ಲಿ ವಸಂತೋತ್ಸವವೊಂದು ನಡೆದುಕೊಂಡು ಬಂದಿದೆ. ಸೌದಿಯವರಲ್ಲದೆ ನೆರೆಯ ಕೊಲ್ಲಿ ನಾಡುಗಳವರೂ ಸಂಸಾರಸಮೇತ ಬಂದು ಬಯಲಿನಲ್ಲಿ ಗುಡಾರ ಹಾಕುತ್ತಾರೆ. ಆ ಊರಿನ ಗುರುವಾರದ ಸಂತೆಯೂ ಪ್ರಸಿದ್ಧವೇ. ಬದು ಹೆಂಗಸರು ಮನೆಯಲ್ಲಿ ಕಾಯಿಸಿದ ತುಪ್ಪ, ಮಜ್ಜಿಗೆಯನ್ನು ಗಟ್ಟಿಮಾಡಿ ಒಣಗಿಸಿದ ‘ಇಕ್ತ್’ ಎಂಬ ಉಂಡೆ, ನೇಯ್ದ ಉಣ್ಣೆಯ ವಸ್ತುಗಳು, ಇವೆಲ್ಲ ಅಲ್ಲಿ ಮಾರಾಟಕ್ಕುಂಟು. ಫಗಾ ಎದ್ದ ವರ್ಷವಂತೂ ಆ ಸಂತೆಯ ರಾಜಕುಮಾರ ಅದೇ. ಹಫರ್ ಅಲ್-ಬಾತಿನ್, ರಫ್ಹಾ, ಅರಾರ್, ಬುರೈದಾ ಪೇಟೆಗಳಲ್ಲಿಯೂ ಇದೇ ಸಂಭ್ರಮ.

ರಸ್ತೆಯ ಬದಿಯಲ್ಲಿ ವಾಹನದ ಹಿಂಭಾಗವನ್ನೇ ಅಂಗಡಿ ಮಾಡಿಕೊಂಡು, ಬುಟ್ಟಿಗಳಲ್ಲಿ ಫಗಾ ರಾಶಿಹಾಕಿ ಕುಳಿತ ಮುದುಕರೊಡನೆ ಮಾತನಾಡುವುದು ನನಗೆ ಪ್ರಿಯವಾದ ಹವ್ಯಾಸ. ಮಾವಿನಲ್ಲಿ ರಸಪೂರಿ, ಬಾದಾಮಿ, ಮಲ್ಲಿಕಾ ಎಂದು ನಾವು ಭೇದವೆಣಿಸುವಂತೆ ಅವರೂ ಫಗಾದಲ್ಲಿ ಜಾತಿಗಳನ್ನು ಎಣಿಸುತ್ತಾರೆ. ಬೆಳ್ಳಗೆ, ದಪ್ಪವಾಗಿ, ಮೃದುವಾಗಿರುವುದು ‘ಜುಬೈದಿ’. ಅರಬ್ಬಿಯಲ್ಲಿ ‘ಜುಬ್ದಾ’ ಎಂದರೆ ಬೆಣ್ಣೆ. ಸಸ್ಯಶಾಸ್ತ್ರಜ್ಞರು ಇದನ್ನು ಟಿರ್ಮಾನಿಯಾ ನಿವಿಯಾ ಎಂದು ಕರೆಯುತ್ತಾರೆ. ಕೆಂಪು ಮಿಶ್ರಿತ ಕಂದುಬಣ್ಣದ, ಗಟ್ಟಿಯಾದ ಚಿಕ್ಕ ಜಾತಿ ‘ಖಲಾಸಿ’; ಅದು ಟೆರ್ಫೇಜಿಯಾ ಕುಲಕ್ಕೆ ಸೇರಿದ್ದು. ಋತುವಿನ ಆರಂಭದಲ್ಲಿ ಏಳುವ ‘ಹೋಬರ್’ಗೆ ಅಷ್ಟು ಮರ್ಯಾದೆಯಿಲ್ಲ. ಒಳ್ಳೆಯ ಜುಬೈದಿಗೆ ಕಿಲೋ ಒಂದಕ್ಕೆ ಹಲವು ನೂರು ರಿಯಾಲ್ ಕೊಡುವವರುಂಟು. ಬೆಲೆ ಕೇಳಿ ನಾನು ಹಿಂಜರಿದಾಗಲೆಲ್ಲ ‘ಇದನ್ನು ಬಿತ್ತಿದವನು ನಾನಲ್ಲ, ದೇವರು’ ಎಂಬರ್ಥದ ಉತ್ತರ ಬರುತ್ತದೆ. ಚೌಕಾಶಿಗೆ ಅಲ್ಲಿಗೆ ಕೊನೆ.

ಬಿತ್ತಿದವರಿಲ್ಲ ಎಂಬುದು ನಿಜ, ಆದರೆ ಬೆಳೆಸುವವರಿದ್ದಾರೆ. ‘ರಕ್ರೂಕ್’ ಎಂಬ ಪುಟ್ಟ ಗಿಡವೊಂದು ಈ ಬಯಲುಗಳಲ್ಲಿದೆ, ಹೀಲಿಯಾಂಥಿಮಮ್ ಕುಲದ್ದು. ಫಗಾದ ಎಳೆಗಳು ಈ ಗಿಡದ ಬೇರಿನೊಡನೆ ಹೆಣೆದುಕೊಂಡು ಬಾಳುತ್ತವೆ. ನೆಲದೊಳಗಿನ ನೀರನ್ನೂ ಖನಿಜಾಂಶವನ್ನೂ ಹುಡುಕಿ ತಂದು ಗಿಡಕ್ಕೆ ಕೊಡುವುದು ಶಿಲೀಂಧ್ರದ ಕೆಲಸ. ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯನ್ನು ಶಿಲೀಂಧ್ರಕ್ಕೆ ಕೊಡುವುದು ಗಿಡದ ಕೆಲಸ. ಒಬ್ಬರಿಲ್ಲದೆ ಇನ್ನೊಬ್ಬರ ಬಾಳು ಕಷ್ಟ. ಆದ್ದರಿಂದ ಅನುಭವಿಗಳು ಫಗಾ ಹುಡುಕುವ ಮೊದಲು ರಕ್ರೂಕ್ ಹುಡುಕುತ್ತಾರೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ, ಬಾಗಿ ನಡೆಯುತ್ತ, ನೆಲ ತುಸು ಉಬ್ಬಿ ಬಿರುಕು ಬಿಟ್ಟ ಜಾಗವನ್ನು ಗುರುತಿಸುತ್ತಾರೆ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಆ ಉಬ್ಬಿಗೆ ನೆರಳಿಲ್ಲ; ನೆರಳಿಲ್ಲದ್ದು ಕಣ್ಣಿಗೆ ಬೀಳುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಬೇಕಾದದ್ದು ಸಕಾಲದ ಮಳೆ. ಅಕ್ಟೋಬರ್ 16ರ ಸುಮಾರಿಗೆ ತೊಡಗಿ ಡಿಸೆಂಬರ್ ಮೊದಲ ವಾರದವರೆಗಿನ 52 ದಿನಗಳನ್ನು ಅರಬ್ಬರು ‘ವಸ್ಮ್’ ಎನ್ನುತ್ತಾರೆ. ಈ ಅವಧಿಯನ್ನು ಹದಿಮೂರು ಹದಿಮೂರು ದಿನಗಳ ನಾಲ್ಕು ಪಾಲು ಮಾಡಿ, ಒಂದೊಂದಕ್ಕೂ ಒಂದೊಂದು ನಕ್ಷತ್ರದ ಹೆಸರು ಕೊಟ್ಟಿದ್ದಾರೆ: ಅವ್ವಾ, ಸಿಮಾಕ್, ಗಫ್ರ್, ಜುಬಾನಾ. ಇದನ್ನು ಮೊದಲು ಕೇಳಿದಾಗ ನಾನು ಬೆರಗಾದೆ. ನಮ್ಮ ರೈತ ಮೃಗಶಿರಾ ಮಳೆ, ಆರಿದ್ರಾ ಮಳೆ, ಪುನರ್ವಸು ಮಳೆ ಎಂದು ಹದಿಮೂರು ಹದಿನಾಲ್ಕು ದಿನಗಳ ಲೆಕ್ಕ ಇಡುವುದು ಇದೇ ರೀತಿಯಲ್ಲವೇ? ಅರಬ್ಬರ ಸಿಮಾಕ್ ಎಂದರೆ ನಮ್ಮ ಚಿತ್ತಾ ನಕ್ಷತ್ರವೇ! ಪುಸ್ತಕವಿಲ್ಲದ ಒಕ್ಕಲಿಗನೂ ಪುಸ್ತಕವಿಲ್ಲದ ಕುರಿಗಾಹಿಯೂ ಒಂದೇ ಆಕಾಶವನ್ನು ನೋಡಿ ತಂತಮ್ಮ ನೆಲದ ಲೆಕ್ಕ ಬರೆದಿಟ್ಟರು. ವಸ್ಮ್ ಮಳೆ ಬಿದ್ದರೆ ಜನವರಿಯಿಂದ ಮಾರ್ಚಿಯವರೆಗೆ ಫಗಾ. ಮಳೆ ತಡವಾದರೆ ಹುಲ್ಲು ಬರಬಹುದು, ಆದರೆ ಫಗಾ ಬರುವುದು ಕಷ್ಟ. ಹೀಗೆ ಈ ಹಬ್ಬದ ದಿನಾಂಕವನ್ನು ನಿಜವಾಗಿ ಗೊತ್ತುಮಾಡುವುದು ಯಾವ ಸಮಿತಿಯೂ ಅಲ್ಲ, ಮೋಡ.

ನಮ್ಮ ನಾಡಿನಲ್ಲಿ ಇದಕ್ಕೆ ಸಾಟಿಯಾದದ್ದು ಯಾವುದು? ಕಾರ್ಕಳ, ಮೂಡುಬಿದಿರೆಗಳ ಕಡೆಯಿಂದ ಬಂದವರು ಆಗಲೇ ನಗುತ್ತಿದ್ದಾರೆ. ಅವರ ಕಲ್ಲಣಬೆ, ತುಳುವಿನ ‘ಕಲ್ಲಲಂಬು’, ಫಗಾದ ದೂರದ ಸೋದರನಂತೆ ಕಾಣುತ್ತದೆ. ಅದೂ ಗೋಲಿಯಂತೆ ಗುಂಡಗೆ, ಅದೂ ಮಣ್ಣಿನೊಳಗೆ, ಅದೂ ಕಾಡುಮರದ ಬೇರಿನೊಡನೆ ಸ್ನೇಹ ಬೆಳೆಸಿದ್ದು, ಅದೂ ಮೊದಲ ಗುಡುಗುಮಳೆಯ ನಂತರ ಕೆಲವೇ ವಾರ ಸಿಗುವಂಥದ್ದು, ಮತ್ತು ಅದರ ಬೆಲೆಯೂ ಕೇಳಿದವರ ಎದೆ ನಡುಗಿಸುವಂಥದ್ದು. ಕೊಡಗಿನವರ ‘ಕುಮ್ಮು’ ಸಾರನ್ನು ಮರೆತರೆ ಇಲ್ಲಿರುವ ಕೊಡವ ಮಿತ್ರರು ನನ್ನನ್ನು ಕ್ಷಮಿಸಲಾರರು. ಇನ್ನು ಹುತ್ತದ ಅಣಬೆಯದು ಬೇರೆಯೇ ಕಥೆ. ಗೆದ್ದಲುಗಳು ತಮ್ಮ ಗೂಡಿನೊಳಗೆ ಶಿಲೀಂಧ್ರದ ತೋಟ ಮಾಡುತ್ತವೆ. ಮಳೆಗಾಲದಲ್ಲಿ ಆ ತೋಟದಿಂದ ಮೇಲೆದ್ದ ಕೊಡೆಯೇ ನಮ್ಮ ಹುತ್ತದ ಅಣಬೆ. ಕೋಟ್ಯಂತರ ವರ್ಷಗಳಿಂದ ಗೆದ್ದಲು ಮಾಡಿಕೊಂಡು ಬಂದ ಈ ಬೇಸಾಯವನ್ನು ಮನುಷ್ಯ ಇನ್ನೂ ಸರಿಯಾಗಿ ಕಲಿತಿಲ್ಲ.

ಅಣಬೆ ತಿನ್ನದ ಮನೆಗಳೂ ನಮ್ಮಲ್ಲಿ ಹಲವು. ಬೆಳ್ಳುಳ್ಳಿ, ಈರುಳ್ಳಿಗಳ ಜೊತೆಗೆ ಅಣಬೆಯನ್ನೂ ಮನುಸ್ಮೃತಿ ನಿಷೇಧದ ಪಟ್ಟಿಗೆ ಸೇರಿಸಿತು. ಇದು ಸಸ್ಯಾಹಾರವೋ ಮಾಂಸಾಹಾರವೋ ಎಂಬ ಚರ್ಚೆ ನಮ್ಮ ಕೂಟದ ಊಟದಲ್ಲಿಯೇ ಎರಡು ಬಾರಿ ನಡೆದದ್ದನ್ನು ಬಲ್ಲೆ. ವಿಜ್ಞಾನದ ಉತ್ತರ ಯಾರಿಗೂ ಹಿಡಿಸುವಂಥದ್ದಲ್ಲ: ಅಣಬೆ ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ, ಆದರೆ ವಂಶವೃಕ್ಷದಲ್ಲಿ ಗಿಡಮರಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನಂಟು. ತಿನ್ನುವುದು ಬಿಡುವುದು ಅವರವರ ಮನೆಯ ಪದ್ಧತಿಗೆ ಬಿಟ್ಟದ್ದು.

ಅಣಬೆಯ ಹೆಸರಿನಲ್ಲಿಯೇ ಹಬ್ಬ ಮಾಡುವ ಊರೊಂದನ್ನು ನಾನು ಬಹಳ ಹಿಂದೆ ಕಂಡಿದ್ದೆ. ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ದಿನಗಳವು. ಆ ನಗರದಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ ಕೆನೆಟ್ ಸ್ಕ್ವೇರ್ ಎಂಬ ಊರಿದೆ. ತನ್ನನ್ನು ಜಗತ್ತಿನ ಅಣಬೆ ರಾಜಧಾನಿಯೆಂದು ಕರೆದುಕೊಳ್ಳುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಹೂಬೆಳೆಗಾರರು ತಮ್ಮ ಗಾಜಿನ ಮನೆಗಳಲ್ಲಿ ಹೂವಿನ ಅಟ್ಟಣಿಗೆಯ ಕೆಳಗೆ ವ್ಯರ್ಥವಾಗುತ್ತಿದ್ದ ಕತ್ತಲಿನ ಜಾಗವನ್ನು ಕಂಡು, ಅಲ್ಲಿ ಅಣಬೆ ಬೆಳೆಯಲು ತೊಡಗಿದರು. ಇಂದು ಅಮೆರಿಕದಲ್ಲಿ ಬೆಳೆಯುವ ಅಣಬೆಯ ಅರ್ಧಕ್ಕಿಂತ ಹೆಚ್ಚು ಪಾಲು ಆ ಊರಿನ ಸುತ್ತಮುತ್ತಲಿನದು. 1986ರಿಂದ ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ಅಣಬೆಯ ಉತ್ಸವ: ಮೆರವಣಿಗೆ, ಅಡುಗೆಯ ಪ್ರದರ್ಶನ, ಕರಿದ ಅಣಬೆ ತಿನ್ನುವ ಪಂದ್ಯ. ನನಗೆ ನೆನಪಿನಲ್ಲಿ ಉಳಿದದ್ದು ಪಂದ್ಯವಲ್ಲ. ಕತ್ತಲ ಕೋಣೆಗಳಲ್ಲಿ ಮಂಚದ ಮೇಲೆ ಮಂಚ ಜೋಡಿಸಿದ ಗೊಬ್ಬರದ ನಡುವೆ, ಹಣೆಗೆ ದೀಪ ಕಟ್ಟಿಕೊಂಡು, ದಿನವಿಡೀ ಅಣಬೆ ಕೊಯ್ಯುವವರು ಯಾರು? ಒಂದು ಕಾಲಕ್ಕೆ ಇಟಲಿಯಿಂದ ಬಂದವರು, ಮತ್ತೊಂದು ಕಾಲಕ್ಕೆ ಪೋರ್ಟೊರಿಕೋದವರು, ಆಮೇಲೆ ಮೆಕ್ಸಿಕೋದವರು. ಊರ ಹಬ್ಬದ ಹಿಂದೆ ಪರದೇಶಿಯ ಬೆವರು. ನಾವೂ ಪರದೇಶಿಗಳೇ ಆದ್ದರಿಂದ ಈ ಮಾತನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಇನ್ನು ವೈದ್ಯಕೀಯ. ಫಗಾ ಪೌಷ್ಟಿಕವೇ ಎಂದು ಅನೇಕರು ಕೇಳುತ್ತಾರೆ. ಹೌದು, ಒಣಗಿಸಿದ ತೂಕದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಪ್ರೋಟೀನು, ಜೊತೆಗೆ ನಾರು ಮತ್ತು ಖನಿಜಾಂಶ. ಆದರೆ ತಾಜಾ ಫಗಾದ ಬಹುಭಾಗ ನೀರು ಎಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆಯವರಿಗೆ ಫಗಾ ನಿರಪರಾಧಿ. ಅದರೊಡನೆ ತಟ್ಟೆಗೆ ಬರುವ ಕಬ್ಸಾ ಅನ್ನ ಮತ್ತು ತುಪ್ಪದ ಬಗ್ಗೆ ನಾನು ಅಂಥ ಪ್ರಮಾಣಪತ್ರ ಕೊಡಲಾರೆ. ಸಿಪ್ಪೆಯ ಸಂದುಗಳಲ್ಲಿ ಮರಳು ಅಡಗಿರುವುದರಿಂದ ನೀರನ್ನು ನಾಲ್ಕಾರು ಸಲ ಬದಲಿಸಿ ತೊಳೆದು, ಸಿಪ್ಪೆ ಹೆರೆದು, ಉಪ್ಪುನೀರಿನಲ್ಲಿ ಚೆನ್ನಾಗಿ ಬೇಯಿಸಬೇಕು. ಹಸಿಯಾಗಿ ತಿಂದರೆ ಜೀರ್ಣವಾಗುವುದು ಕಷ್ಟ. ಬೆಂದ ಮೇಲೆ ನಮ್ಮ ಒಗ್ಗರಣೆ, ಕಾಳುಮೆಣಸು, ಒಂದಿಷ್ಟು ತೆಂಗಿನಕಾಯಿ ಸೇರಿದರೆ ಅದಕ್ಕೆ ಕನ್ನಡ ಬರುತ್ತದೆಂಬುದು ನನ್ನ ಶ್ರೀಮತಿಯವರ ಅಭಿಪ್ರಾಯ.

ಫಗಾದ ನೀರು ಕಣ್ಣಿಗೆ ಔಷಧವೆಂಬ ನಂಬಿಕೆ ಇಲ್ಲಿ ಆಳವಾಗಿದೆ; ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿ ಅದರ ಉಲ್ಲೇಖವಿದೆ. ಆ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಪ್ರಯೋಗಾಲಯಗಳಲ್ಲಿ ಅದರ ಸಾರದ ಗುಣಗಳನ್ನು ಪರೀಕ್ಷಿಸುವ ಕೆಲಸವೂ ನಡೆದಿದೆ. ಆದರೆ ಮಣ್ಣಿನಿಂದ ತೆಗೆದ ವಸ್ತುವನ್ನು ಅಡುಗೆಮನೆಯಲ್ಲಿ ಹಿಂಡಿ ಕಣ್ಣಿಗೆ ಬಿಡುವುದು ಶ್ರದ್ಧೆಯ ಪ್ರಶ್ನೆಯಲ್ಲ, ಶುಚಿತ್ವದ ಪ್ರಶ್ನೆ. ಕಣ್ಣಿನ ಕರಿಗುಡ್ಡೆಗೆ ಸೋಂಕು ತಗುಲಿದರೆ ದೃಷ್ಟಿಯೇ ಹೋಗಬಹುದು. ಕಣ್ಣಿಗೆ ನೇತ್ರವೈದ್ಯರನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಡಿ.

ಇದಕ್ಕಿಂತ ಗಂಭೀರವಾದದ್ದು ವಿಷದ ಅಣಬೆಯ ಮಾತು. ಇಲ್ಲಿ ನಿಮ್ಮ ಪೂರ್ಣ ಗಮನವನ್ನು ಬೇಡುತ್ತೇನೆ. ಅಮಾನಿಟಾ ಎಂಬ ಕುಲದ ಕೆಲವು ಅಣಬೆಗಳಲ್ಲಿ ಅಮಟಾಕ್ಸಿನ್ ಎಂಬ ವಿಷವಿದೆ. ಬೇಯಿಸಿದರೂ ಒಣಗಿಸಿದರೂ ಅದು ನಾಶವಾಗದು. ರುಚಿ ಕೆಟ್ಟಿರುವುದಿಲ್ಲ. ತಿಂದ ಆರರಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮರುದಿನ ಅದು ಕಡಿಮೆಯಾಗಿ, ಗುಣವಾಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅದೇ ಹೊತ್ತಿನಲ್ಲಿ ಒಳಗೆ ಯಕೃತ್ತಿನ ಜೀವಕೋಶಗಳು ಸಾಯುತ್ತಿರುತ್ತವೆ. ಮೂರನೆಯ ನಾಲ್ಕನೆಯ ದಿನಕ್ಕೆ ಕಾಮಾಲೆ, ಪ್ರಜ್ಞಾಹೀನತೆ. ಕೆಲವರಿಗೆ ಯಕೃತ್ತಿನ ಕಸಿಯೊಂದೇ ಉಳಿದ ದಾರಿ. ಬೆಳ್ಳಿಯ ಚಮಚ ಕಪ್ಪಾಗುತ್ತದೆ, ಬೆಳ್ಳುಳ್ಳಿಯ ಬಣ್ಣ ಬದಲಾಗುತ್ತದೆ, ಹುಳು ತಿಂದದ್ದು ಸುರಕ್ಷಿತ, ಇಂಥ ಪರೀಕ್ಷೆಗಳೆಲ್ಲ ಶುದ್ಧ ಸುಳ್ಳು.

ಈ ವಿಷಕ್ಕೆ ಬಲಿಯಾದವರಲ್ಲಿ ವಲಸೆಹೋದವರೂ ಇದ್ದಾರೆ ಎಂಬುದನ್ನು ನಾವು ಗಮನಿಸಬೇಕು. ಏಷ್ಯಾದಲ್ಲಿ ಜನಪ್ರಿಯವಾದ ಭತ್ತದ ಹುಲ್ಲಿನ ಅಣಬೆಗೂ ‘ಡೆತ್ ಕ್ಯಾಪ್’ ಎಂಬ ಮೃತ್ಯುಸ್ವರೂಪಿ ಅಮಾನಿಟಾಕ್ಕೂ ಎಳೆಯ ಹಂತದಲ್ಲಿ ಬಲುಮಟ್ಟಿಗೆ ಹೋಲಿಕೆಯಿದೆ. ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ಹೋದ ಕುಟುಂಬಗಳು ಇದರಿಂದ ಮೋಸಹೋದವು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2012ರ ಹೊಸವರ್ಷದ ಊಟದ ನಂತರ ಇಬ್ಬರು ಸತ್ತದ್ದು ಇದೇ ಅಣಬೆಯಿಂದ. ಅಡುಗೆ ಮಾಡಿದವರು ಚೀನಾದಿಂದ ಬಂದ ಬಾಣಸಿಗರು, ಅಡುಗೆಯೇ ಅವರ ವೃತ್ತಿ. ಅವರಿಗೆ ಅಣಬೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಹುಟ್ಟಿದೂರಿನ ಅಣಬೆ. ಕಣ್ಣು ಕಲಿತ ವಿದ್ಯೆ ಒಂದು ನೆಲದ್ದು. ನೆಲ ಬದಲಾದರೆ ಆ ವಿದ್ಯೆಗೆ ಬೆಲೆಯಿಲ್ಲ. ಹುಟ್ಟಿದ ನೆಲದಲ್ಲಿಯೂ ಅಪಾಯ ತಪ್ಪಿದ್ದಲ್ಲ: 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು ಕೆಲವೇ ದಿನಗಳಲ್ಲಿ 13 ಮಂದಿ ಸತ್ತರು. ಹೆಚ್ಚಿನವರು ಚಹಾತೋಟಗಳ ಬಡವರು.

ಆದ್ದರಿಂದ ತಾಯಂದಿರಲ್ಲಿ ನನ್ನ ವಿನಂತಿ. ನಾವಿರುವ ಕಾಂಪೌಂಡುಗಳ ಹುಲ್ಲುಹಾಸಿಗೆ ದಿನವೂ ನೀರು ಹಾಯಿಸುತ್ತಾರೆ. ಬೆಚ್ಚನೆಯ ನಾಡುಗಳ ಅಂಥ ಹಸಿರಿನಲ್ಲಿ ದೊಡ್ಡ ಬಿಳಿಯ ನಾಯಿಕೊಡೆಗಳು ಏಳುವುದುಂಟು. ಕೆಲವು ತೀವ್ರ ವಾಂತಿ ಭೇದಿ ಉಂಟುಮಾಡುವಂಥವು. ಮಕ್ಕಳು ಕಿತ್ತು ಬಾಯಿಗಿಡದಂತೆ ನೋಡಿಕೊಳ್ಳಿ. ಊರಿನ ನೆನಪಿಗೆ ಸೋತು ದೊಡ್ಡವರೂ ಕೀಳಬೇಡಿ. ತಿಂದದ್ದಾದರೆ, ಲಕ್ಷಣಗಳಿಗಾಗಿ ಕಾಯದೆ, ಉಳಿದ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಧಾವಿಸಿ. ಆಂಬುಲೆನ್ಸಿಗೆ 997, ಆರೋಗ್ಯ ಸಚಿವಾಲಯದ ಸಲಹೆಗೆ 937. ಫಗಾ ಬೇಕೆಂದವರು ನಂಬಿಕಸ್ಥ ಅಂಗಡಿಯಿಂದ, ಗಟ್ಟಿಯಾಗಿರುವುದನ್ನು, ಕೆಟ್ಟ ವಾಸನೆಯಿಲ್ಲದ್ದನ್ನು ಕೊಳ್ಳಿ.

ಕೊನೆಯದಾಗಿ ಈ ಅಣಬೆಗೆ ಜನ ತೆರುವ ಇನ್ನೊಂದು ಬೆಲೆಯ ಮಾತು. 1991ರ ಯುದ್ಧದ ನಂತರ ಕುವೈತಿನ ಮರುಭೂಮಿಯಲ್ಲಿ ಸಿಡಿಯದೆ ಉಳಿದ ಮದ್ದುಗುಂಡುಗಳ ನಡುವೆ ನಡೆಯುವುದೇ ಅಪಾಯವಾಗಿತ್ತು. ಸಿರಿಯಾದಲ್ಲಿ ಪರಿಸ್ಥಿತಿ ಇನ್ನೂ ದಾರುಣ. ಯುದ್ಧದಿಂದ ಬಡವಾದ ಆ ನಾಡಿನಲ್ಲಿ ಒಂದು ಬುಟ್ಟಿ ಫಗಾ ಎಂದರೆ ಒಂದು ಸಂಸಾರದ ಎಷ್ಟೋ ದಿನಗಳ ಅನ್ನ. ಅದಕ್ಕಾಗಿ ಹೋದವರು ನೆಲಬಾಂಬುಗಳಿಗೆ ಬಲಿಯಾಗುತ್ತ ಬಂದರು. 2023ರ ಫೆಬ್ರವರಿಯಲ್ಲಿ ಸುಖ್ನಾ ಎಂಬ ಊರಿನ ಬಳಿ, ಫಗಾ ಆಯುತ್ತಿದ್ದವರ ಮೇಲೆ ಬಂದೂಕುಧಾರಿಗಳು ಎರಗಿ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಪೇಟೆಯಲ್ಲಿ ಬುಟ್ಟಿಯ ಮುಂದೆ ನಿಂತು ಬೆಲೆ ಹೆಚ್ಚಾಯಿತೆಂದು ಗೊಣಗುವಾಗ ಆ ಜನರನ್ನು ಒಂದು ಕ್ಷಣ ನೆನೆಯುವುದು ನಮ್ಮ ಕರ್ತವ್ಯ.

ನೆಲವೂ ಬೆಲೆ ತೆರುತ್ತಿದೆ. ವಾಹನಗಳು ಬಯಲನ್ನು ತುಳಿದರೆ, ಕುರಿ ಒಂಟೆಗಳು ಮಿತಿಮೀರಿ ಮೇಯ್ದರೆ ರಕ್ರೂಕ್ ಅಳಿಯುತ್ತದೆ. ರಕ್ರೂಕ್ ಅಳಿದರೆ ಫಗಾ ಇಲ್ಲ. 2018ರಲ್ಲಿ ಈ ದೇಶ ವಿಶಾಲವಾದ ರಾಜಮನೆತನದ ಮೀಸಲು ಪ್ರದೇಶಗಳನ್ನು ಘೋಷಿಸಿ ಹಸಿರನ್ನು ಕಾಯಲು ತೊಡಗಿತು. ವಸಂತದಲ್ಲಿ ಗುಡಾರಕ್ಕೆ ಹೋಗುವ ನಮ್ಮವರು ಅನುಮತಿಯ ನಿಯಮಗಳನ್ನು ತಿಳಿದುಕೊಂಡು, ಇರುವ ದಾರಿಯಲ್ಲಿಯೇ ವಾಹನ ಓಡಿಸಿದರೆ, ಅನ್ನವಿತ್ತ ನೆಲಕ್ಕೆ ಅಷ್ಟಾದರೂ ಋಣ ಸಲ್ಲಿಸಿದಂತಾಗುತ್ತದೆ.

ಬಂಧುಗಳೇ, ಬರುವ ಚಳಿಗಾಲದಲ್ಲಿ ವಸ್ಮ್ ಮಳೆ ಸುರಿದರೆ, ಒಂದು ವಾರಾಂತ್ಯ ಮಕ್ಕಳನ್ನು ಮಾಲ್‌ಗೆ ಬದಲು ನೈರಿಯಾದ ಕಡೆಗೆ ಕರೆದುಕೊಂಡು ಹೋಗಿ. ಸಂತೆಯಲ್ಲಿ ಅಜ್ಜಂದಿರ ಮುಂದೆ ನಿಲ್ಲಿಸಿ, ಜುಬೈದಿ ಯಾವುದು ಖಲಾಸಿ ಯಾವುದು ಎಂದು ಅರಬ್ಬಿಯಲ್ಲಿಯೇ ಕೇಳಿಸಿ. ಹಿಂದಿರುಗುವ ದಾರಿಯಲ್ಲಿ ಕಲ್ಲಣಬೆಯ ಕಥೆಯನ್ನೂ ಆರಿದ್ರಾ ಮಳೆಯ ಕಥೆಯನ್ನೂ ಕನ್ನಡದಲ್ಲಿ ಹೇಳಿ. ರಕ್ರೂಕ್ ಗಿಡವೂ ಅಣಬೆಯೂ ಬೇರು ಬೇರು ಹೆಣೆದುಕೊಂಡು ಬರಡು ನೆಲದಲ್ಲಿ ಬದುಕುವಂತೆ, ಎರಡು ನೆಲಗಳ ತಿಳಿವು ನಮ್ಮ ಮಕ್ಕಳಲ್ಲಿ ಹೆಣೆದುಕೊಳ್ಳಲಿ ಎಂದು ಹಾರೈಸಿ, ನನ್ನ ಮಾತಿಗೆ ವಿರಾಮ ಕೊಡುತ್ತೇನೆ.